ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು

ನಾನು ಪುಣೆಯಲ್ಲಿ ಹಲ್ಲಿನ ಡಾಕ್ಟರು. ಮಧ್ಯಾಹ್ನ ಒಂದಾಯಿತೆಂದರೆ ಕೋಥ್ರೂಡಿನ ನನ್ನ ಕ್ಲಿನಿಕ್ಕಿನ ಶಟರ್ ಕೆಳಗಿಳಿಯುತ್ತದೆ, ಮತ್ತೆ ಏಳುವುದು ನಾಲ್ಕಕ್ಕೆ. ಆ ನಡುವೆ ಯಾರಾದರೂ ಬೆಲ್ ಒತ್ತಿದರೆ, ಅವರ ದವಡೆ ಊದಿ ಕುಂಬಳಕಾಯಿ ಆಗಿರದ ಹೊರತು, ನನ್ನಿಂದ ಒಳ್ಳೆಯ ಮಾತು ಕೇಳುವ ಆಸೆ ಇಟ್ಟುಕೊಳ್ಳಬಾರದು. ಧಾರವಾಡದಿಂದ ಬಂದ ಹೊಸತರಲ್ಲಿ ಈ ಊರಿನವರ ಮಧ್ಯಾಹ್ನದ ನಿದ್ದೆಯನ್ನು ಆಡಿಕೊಂಡು ನಗುತ್ತಿದ್ದೆ. ಅಂಗಡಿ ತೆರೆದು ಕೂತವನೇ ಗಿರಾಕಿಯನ್ನು ಬೈದು ಕಳಿಸಿ ಮಲಗುವುದೆಂದರೇನು ಎಂದು. ಈಗ ನಾನೂ ಅದೇ ಕುಲದವಳು. ಇಷ್ಟೆಲ್ಲ ಗೊತ್ತಿದ್ದೂ, ಒಂದು ದಿನ ಸರಿಯಾಗಿ ನಿದ್ದೆಯ ಹೊತ್ತಿನಲ್ಲಿ ಸದಾಶಿವ ಪೇಠದ ಒಂದು ಮನೆಯ ಬೆಲ್ ಒತ್ತಿದೆ. ಅದೂ ಒತ್ತಬೇಡವೆಂದು ಹೇಳಿಸಿಕೊಂಡು ಹೋಗಿ.

ಶುರುವಾದದ್ದು ಒಂದು ಧ್ವನಿಮುದ್ರಣದಿಂದ. ಯಾರೋ ಹಳೆಯ ಪುಣೆಯ ಹುಚ್ಚಿನವರು ಪೇಠಗಳ ಓಣಿಗಳಲ್ಲಿ ತಾವಾಗಿಯೇ ಅಡ್ಡಾಡಲಿಕ್ಕೆ ಬೇಕಾದ ನಕ್ಷೆ ಮಾಡಿ, ಜೊತೆಗೆ ತಮ್ಮದೇ ದನಿಯಲ್ಲಿ ವಿವರಣೆ ಹೇಳಿ ಹಂಚಿದ್ದರು. ಕಿವಿಗೆ ಹಚ್ಚಿಕೊಂಡು ನಡೆದರೆ ಸಾಕು, ಗೈಡು ಬೇಡ, ಗುಂಪು ಬೇಡ. ಒಂದು ಕಾಲಕ್ಕೆ ಆ ಓಣಿಗಳಲ್ಲಿ ನಾಟಕದವರು, ಹಾಡುವವರು, ಚಿತ್ರ ಬರೆಯುವವರು, ಏನನ್ನೂ ಮಾಡದೆ ಬರೀ ವಾದ ಮಾಡುವವರು ತುಂಬಿಕೊಂಡಿದ್ದರಂತೆ. ಒಬ್ಬರ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿ, ಒಬ್ಬರ ಅಂಗಿ ಇನ್ನೊಬ್ಬರು ತೊಟ್ಟು ಕಾಲ ಕಳೆದವರು. ಬೇರೆಯವರ ಬಾಯೊಳಗೆ ಇಣುಕಿಯೇ ಹೊಟ್ಟೆ ಹೊರೆಯುವ ನನಗೆ ಬೇರೆಯವರ ಓಣಿಯಲ್ಲಿ ಇಣುಕಲು ಯಾರೂ ಒತ್ತಾಯ ಮಾಡಬೇಕಿರಲಿಲ್ಲ. ಬೆಳಗಿನ ಚಹಾ ಕುಡಿಯುತ್ತ ಅದನ್ನು ಜೋರಾಗಿ ಹಚ್ಚಿದೆ. ಎದುರಿಗೆ ಮೌಶಿ ಕೂತಿದ್ದಳು.

ಮೌಶಿ ನನ್ನ ತಾಯಿಯ ತಂಗಿ, ಹುಟ್ಟೂರು ಧಾರವಾಡವೇ. ಬೆಳಗಾವಿಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತಳಾದವಳು, ಮದುವೆ ಮಾಡಿಕೊಳ್ಳಲಿಲ್ಲ. ಕೆಲವು ವರ್ಷಗಳಿಂದ ನನ್ನ ಜೊತೆಗೇ ಇದ್ದಾಳೆ. ಇಡೀ ಪುಣೆ ಸುತ್ತುತ್ತಾಳೆ, ಮೆಟ್ರೋದಲ್ಲಿ ಸೀಟಿಗಾಗಿ ಜಗಳ ತೆಗೆಯುತ್ತಾಳೆ. ಆದರೆ ಸದಾಶಿವ ಪೇಠಕ್ಕೆ ಹೋಗೋಣ ಎಂದರೆ ಮಾತ್ರ ಅವಳಿಗೆ ತಟ್ಟನೆ ಮೊಣಕಾಲು ನೋಯುತ್ತದೆ. ಹರೆಯದಲ್ಲಿ ಹಾಡು ಕಲಿಯಲು ಅಲ್ಲಿಗೆ ಬಂದು ಎರಡು ವರ್ಷ ಇದ್ದಳೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿದರೆ, ಕೊಬ್ಬರಿ ಹೆರೆಯಲಿಕ್ಕೆ ಕೂತುಬಿಡುತ್ತಿದ್ದಳು.

ದನಿ ಹೇಳುತ್ತಿತ್ತು: ಹಿಟ್ಟಿನ ಗಿರಣಿ ದಾಟಿ ಎಡಕ್ಕೆ ತಿರುಗಿದರೆ ನೀಲಿ ಕಟಕಟೆಯ ವಾಡೆ ಸಿಗುತ್ತದೆ, ನಾಟಕದ ಹುಡುಗಿಯರೂ ಹಾಡುವ ಹುಡುಗಿಯರೂ ಬಾಡಿಗೆಗೆ ಇರುತ್ತಿದ್ದ ಮನೆ, ಓಣಿಯ ಹಿರಿಯರು ಆ ಕಾಲದಲ್ಲಿ ಅದರ ಕಡೆ ಮೂಗು ಮುರಿಯುತ್ತಿದ್ದರು, ಇಷ್ಟರಲ್ಲೇ ಕೆಡವುವವರಿದ್ದಾರೆ, ನೋಡುವುದಿದ್ದರೆ ಈಗಲೇ ನೋಡಿ.

ಮೌಶಿ ಚಹಾದ ಬಟ್ಟಲು ಕೆಳಗಿಟ್ಟಳು. “ಆ ಮನೀ ಇನ್ನೂ ನಿಂತದ?” ಎಂದಳು.

ಅವತ್ತು ಕೊಬ್ಬರಿ ಹೆರೆಯಲಿಲ್ಲ, ಹೇಳಿದಳು. ಆ ವಾಡೆಯ ಕೆಳಗಿನ ಕೋಣೆಯಲ್ಲಿ ಅವಳು ಬಾಡಿಗೆಗಿದ್ದಳು. ಮೇಲಿನ ಮನೆಯಲ್ಲಿ ಅವಳದೇ ವಯಸ್ಸಿನ ಮರಾಠಿ ಹುಡುಗಿಯೊಬ್ಬಳು, ನಾಟಕದ ಹುಚ್ಚಿನವಳು. ಇಬ್ಬರೂ ಒಂದೇ ಜೀವವಾದರು. ಅವಳಿಗೆ ಮೊದಲ ಬಾರಿಗೆ ದೊಡ್ಡ ಪಾತ್ರ ಸಿಕ್ಕಿತು. ಕೊನೆಯ ದೃಶ್ಯದಲ್ಲಿ ಅವಳು ಒಬ್ಬಳೇ ರಂಗದ ಮೇಲೆ ನಿಲ್ಲಬೇಕು, ಪರದೆಯ ಹಿಂದಿನಿಂದ ಒಂದು ಹಾಡು ಕೇಳಬೇಕು. ಆ ಹಾಡನ್ನು ಮೌಶಿ ಹಾಡುವುದೆಂದು ಮಾತಾಗಿತ್ತು. ಆದರೆ ಮೌಶಿಯ ಗುರುಗಳ ಮನೆಯ ಕಟ್ಟಳೆ ಬೇರೆ. ಅವರು ಹೂಂ ಅನ್ನುವವರೆಗೆ ಶಿಷ್ಯರು ನಾಲ್ಕು ಜನರ ಎದುರು ಬಾಯಿ ತೆರೆಯುವಂತಿಲ್ಲ. ನಾಟಕದಲ್ಲಂತೂ ಇಲ್ಲವೇ ಇಲ್ಲ. ಪರದೆಯ ಹಿಂದೆ ನಿಂತರೆ ಯಾರಿಗೆ ಗೊತ್ತಾಗುತ್ತದೆ ಎಂದಳು ಗೆಳತಿ, ನಾಟಕದ ದಿನದವರೆಗೂ ಹೂಂ ಎನ್ನುತ್ತಲೇ ಬಂದಳು ಮೌಶಿ. ಥಿಯೇಟರಿನ ಹಿಂದಿನ ಬಾಗಿಲವರೆಗೆ ಹೋದಳು. ಅಲ್ಲಿಂದ ಹೊರಳಿ ಬಂದುಬಿಟ್ಟಳು.

“ಅಕಿ ಅಲ್ಲೆ ನಿಂತಿರತಾಳ, ಹಾಡು ಬರಲಿಲ್ಲ,” ಎಂದಳು ಮೌಶಿ. “ಮರುದಿನ ಮುಂಜಾನೆ ಹೋಗಿ ಬಾಗಲಾ ಬಡದೆ. ತಗೀಲಿಲ್ಲ. ಮತ್ತೊಮ್ಮೆ ಬಡದೆ. ಊಹೂಂ. ಗೋದಿ ಹುಗ್ಗಿ ಮಾಡಿಕೊಂಡ ಹೋಗಿದ್ದೆ, ಅಕಿಗೆ ಭಾಳ ಸೇರತಿತ್ತು. ಡಬ್ಬಿ ಬಾಗಲಾಗ ಇಟ್ಟು, ಕೋಣೀಗೆ ಕೀಲಿ ಹಾಕಿ, ಬಸ್ ಹತ್ತಿಬಿಟ್ಟೆ. ಆಮ್ಯಾಲೆ ನನ್ನ ಕೈಲಿ ಹಾಡೂ ಆಗಲಿಲ್ಲ, ಪುಣೇನೂ ಆಗಲಿಲ್ಲ.”

“ಅಷ್ಟಕ್ಕ ಐವತ್ತು ವರ್ಷ ಸಿಟ್ಟು ಇಟಗೋತಾರೇನ ಮೌಶಿ ಯಾರರೆ?”

“ಡಬ್ಬಿ ವಾಪಸ್ ಬರಲಿಲ್ಲಲ್ಲ.”

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಬಿದ ಡಬ್ಬಿ ಒಂದು ಮನೆಗೆ ಹೋದರೆ ಅದು ಖಾಲಿ ಮರಳುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಮರಾಠಿ ಮನೆಗಳಲ್ಲೂ ಅದೇ ರೂಢಿ. ಹೆಂಗಸರು ಎದುರೆದುರು ಮಾತು ಬಿಟ್ಟಿದ್ದರೂ ಡಬ್ಬಿಗಳ ಓಡಾಟ ನಡೆದೇ ಇರುತ್ತದೆ. ಅದೂ ನಿಂತಿತೆಂದರೆ ಸಂಬಂಧ ಮುಗಿಯಿತು ಎಂದೇ ಲೆಕ್ಕ. ಮೌಶಿಯ ಮನಸ್ಸಿನಲ್ಲಿ ಆ ಡಬ್ಬಿ ಬಾರದೆ ಇದ್ದದ್ದೇ ಗೆಳತಿಯ ಉತ್ತರವಾಗಿ ಕೂತುಬಿಟ್ಟಿತ್ತು. ವಿಳಾಸವನ್ನೇ ಕೊಡದೆ ಬಂದವಳ ಡಬ್ಬಿ ಹೇಗೆ ಮರಳಬೇಕೆಂದು ಕೇಳಿದರೆ, ಮನಸ್ಸಿದ್ದವರು ಹುಡುಕಿಕೊಂಡು ಬರುತ್ತಾರೆ ಎಂದಳು. ಸಂಗೀತದ ಜನರೊಡನೆ ತರ್ಕ ಮಾಡಬಾರದು.

“ಹಂಗಾರ ನಡಿ, ರಿಕ್ಷಾ ಮಾಡಿಕೊಂಡು ಹೋಗೂಣು.”

“ಸಿಟ್ಟಿನ್ಯಾಗ ಇದ್ದವರ ಬಾಗಲಿಗೆ ಹ್ಯಾಂಗ ಹೋಗಲಿ? ನೀ ಹೋಗು. ಅಕಿ ಇದ್ದಾಳೋ ಇಲ್ಲೋ, ಅಷ್ಟ ನೋಡಿಕೊಂಡ ಬಾ. ಬೆಲ್ ಒತ್ತಬ್ಯಾಡ. ನನ್ನ ಹೆಸರಂತೂ ಎತ್ತಲೇಬ್ಯಾಡ.”

ಬೆಲ್ ಒತ್ತದೆ ಒಬ್ಬರು ಬದುಕಿದ್ದಾರೋ ಇಲ್ಲವೋ ತಿಳಿಯುವ ವಿದ್ಯೆ ನನಗೆ ಬರುವುದಿಲ್ಲ. ಆದರೂ ಹೂಂ ಎಂದೆ. ಮನೆ ಬಿದ್ದ ಮೇಲೆ ಇನ್ನು ಯಾರನ್ನು ಎಲ್ಲಿ ಹುಡುಕುವುದು? ಈಗಲ್ಲದಿದ್ದರೆ ಮೌಶಿ ಆ ಸಿಟ್ಟಿನ ಲೆಕ್ಕ ಹೊತ್ತುಕೊಂಡೇ ಹೋಗುತ್ತಾಳೆ ಎನ್ನಿಸಿ ನನಗೂ ಸಂಕಟವಾಯಿತು.

ನನಗೆ ಬಿಡುವು ಸಿಗುವುದು ಮಧ್ಯಾಹ್ನ ಮಾತ್ರ. ಹಾಗಾಗಿ ಇಡೀ ಪೇಠ ಊಟ ಮಾಡಿ ಅಡ್ಡಾಗುವ ಹೊತ್ತಿಗೆ ನಾನು ಕಿವಿಗೆ ದನಿ ಸಿಕ್ಕಿಸಿಕೊಂಡು ಅಲ್ಲಿ ಇಳಿದೆ. ವೈದ್ಯರ ಕಣ್ಣಿಗೆ ಸದಾಶಿವ ಪೇಠದ ಓಣಿಗಳು ವಯಸ್ಸಾದವರ ಬಾಯಿಯ ಹಾಗೆಯೇ ಕಂಡವು. ಒಂದು ಹಳೆಯ ಹಲ್ಲು, ಪಕ್ಕದಲ್ಲಿ ಖಾಲಿ ಜಾಗ, ಅದರಾಚೆ ಗಾಜು ಹೊಳೆಯುವ ಹೊಸ ಕಟ್ಟಿಸಿದ ಹಲ್ಲು. ನಕ್ಷೆಯ ಮೊದಲ ನಿಲ್ದಾಣ ಒಂದು ಚಹಾದಂಗಡಿ. ನಾಟಕ ಬರೆಯುವವರು ಇಲ್ಲಿ ಒಂದು ಕಪ್ ಚಹಾ ಇಟ್ಟುಕೊಂಡು ಇಡೀ ದಿನ ವಾದ ಮಾಡುತ್ತಿದ್ದರು ಎಂದಿತು ದನಿ. ನೋಡಿದರೆ ಕದ ಮುಚ್ಚಿತ್ತು. ಕದದ ಮೇಲೆ ಪಾಟಿ ತೂಗಿತ್ತು. ಪುಣೆಯಲ್ಲಿ ಪಾಟಿ ಎಂದರೆ ಬೋರ್ಡು, ಓದಿದವರಿಗೆ ಬೈಸಿಕೊಂಡ ಹಾಗಾಗಬೇಕು, ಅಂಥ ಬೋರ್ಡು. “ಚಹಾ ನಾಲ್ಕು ಗಂಟೆಗೆ. ಬಾಗಿಲು ಬಡಿದರೆ ಬೇಗ ಆಗುವುದಿಲ್ಲ.” ನಿಂತು ಎರಡು ಸಲ ಓದಿದೆ. ನನ್ನ ಕ್ಲಿನಿಕ್ಕಿಗೂ ಇಂಥದ್ದೊಂದು ಬರೆಸಬೇಕೆಂದು ಮನಸ್ಸಾಯಿತು.

ಎರಡನೆಯದು ಗಿರಣಿ. ಕೆಳಗೆ ಹಿಟ್ಟು ಬೀಸುವ ಯಂತ್ರ, ಮೇಲೆ ನಾಟಕದ ತಾಲೀಮು. ಗಿರಣಿಯ ಸದ್ದಿನ ಮೇಲೆ ಮಾತು ಕೇಳಿಸಬೇಕೆಂದು ಕೂಗಿ ಕೂಗಿ, ಅಲ್ಲಿ ತಯಾರಾದ ನಟರ ದನಿ ಯಾವ ಥಿಯೇಟರಿನ ಕೊನೆಯ ಸಾಲಿಗೂ ಮುಟ್ಟುತ್ತಿತ್ತಂತೆ. ಈ ವಿಷಯ ನನಗೆ ಎಷ್ಟು ಹಿಡಿಸಿತೆಂದರೆ ಮುಚ್ಚಿದ ಗಿರಣಿಯ ಸಂದಿಯಲ್ಲಿ ಮೂಗು ತೂರಿಸಿ ನೋಡಿದೆ. ಜೋಳದ ಹಿಟ್ಟಿನ ವಾಸನೆ ಬಂತು. ಮೇಲಿನ ಕೋಣೆ ಈಗ ಓದುವ ಕೋಣೆಯಾಗಿದೆ. ಸರಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸಾಲಾಗಿ ತಲೆ ಬಗ್ಗಿಸಿ ಕೂತಿದ್ದರು. ಕೂಗಿ ಕೂಗಿ ಮಾತು ಕಲಿತ ಜಾಗದಲ್ಲಿ ಈಗ “ಮೌನ ಪಾಲಿಸಿ” ಎಂಬ ಪಾಟಿ. ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಡಬ್ಬಿ ಬಿಚ್ಚಿಕೊಂಡು ಭಾಕರಿ ತಿನ್ನುತ್ತಿದ್ದಳು. ಊರು ಇಂದಾಪುರದ ಕಡೆಯಂತೆ. ನೀಲಿ ಕಟಕಟೆಯ ವಾಡೆ ಎಲ್ಲಿ ಎಂದು ಕೇಳಿದೆ, ಏಕೆಂದರೆ ಪಾರಿಜಾತದ ಗಿಡ ಕಂಡಲ್ಲಿ ತಿರುಗಿ ಎನ್ನುತ್ತಿದ್ದ ದನಿಗೆ ಆ ಗಿಡ ಕಡಿದದ್ದು ಗೊತ್ತಿರಲಿಲ್ಲ. ಹುಡುಗಿ ಬೆರಳು ತೋರಿಸಿ, “ಅಲ್ಲಿ ಇರೋ ಆಜಿ ಬೈತಾರೆ ಹಾಂ,” ಎಂದು ಮರಾಠಿಯಲ್ಲಿ ಎಚ್ಚರಿಕೆ ಕೊಟ್ಟಳು.

ಅಲ್ಲಿಗೆ ಅಜ್ಜಿ ಇದ್ದಾಳೆ ಎಂಬುದು ಗೊತ್ತಾಯಿತು. ಬೆಲ್ ಒತ್ತದೆಯೇ. ಮೌಶಿ ಹೇಳಿದ ಕೆಲಸ ಅಲ್ಲಿಗೆ ಮುಗಿದಿತ್ತು, ಹೊರಳಿ ಹೋಗಬಹುದಿತ್ತು. ಆದರೆ ಬೈಯುವ ಅಜ್ಜಿ ಪುಣೆಯ ಯಾವ ಓಣಿಯಲ್ಲಿ ಇಲ್ಲ? ಇವಳೇ ಅವಳು ಎಂದು ಹೇಗೆ ಹೇಳುವುದು? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ತಡೆಯಲಾಗಲಿಲ್ಲ.

ವಾಡೆ ಇನ್ನೂ ನಿಂತಿತ್ತು, ಆದರೆ ಒಂದು ಮಗ್ಗುಲಿಗೆ ಬೊಂಬುಗಳ ಆಸರೆ ಕೊಟ್ಟಿದ್ದರು. ನೀಲಿ ಬಣ್ಣ ಎಲ್ಲೋ ಮೂಲೆಗಳಲ್ಲಿ ಉಳಿದಿತ್ತು. ಕೆಳಗಿನ ಕೋಣೆಗಳೆಲ್ಲ ಖಾಲಿ. ಇವುಗಳಲ್ಲಿ ಯಾವುದು ಮೌಶಿಯದು ಎಂದು ಪ್ರತಿಯೊಂದರಲ್ಲೂ ಇಣುಕಿದೆ. ಒಂದರ ಗೋಡೆಯಲ್ಲಿ ತಂಬೂರಿ ಒರಗಿಸಲು ಮಾಡಿದ ಮರದ ಗೂಡಿತ್ತು. ಇದೇ ಇರಬೇಕು ಎಂದುಕೊಂಡು ಆ ಗೂಡನ್ನು ಮುಟ್ಟಿ ನೋಡಿದೆ. ಬೆರಳಿಗೆ ಧೂಳು ಹತ್ತಿತು. ಇಷ್ಟು ಸಣ್ಣ ಕೋಣೆಯಲ್ಲಿ, ಇಡೀ ಓಣಿ ಮೂಗು ಮುರಿಯುತ್ತಿದ್ದಾಗ, ಧಾರವಾಡದ ಒಬ್ಬ ಹುಡುಗಿ ತಾನೇ ಅಡಿಗೆ ಮಾಡಿಕೊಂಡು ಹಾಡು ಕಲಿಯುತ್ತಿದ್ದಳು. ನನ್ನ ಮೌಶಿಯ ಬಗ್ಗೆ ನನಗೆ ಆ ಕ್ಷಣ ಭಾರೀ ಅಭಿಮಾನ ಉಕ್ಕಿತು.

ಮರದ ಮೆಟ್ಟಿಲು ಏರಿದೆ. ಬಾಗಿಲ ಪಕ್ಕ ಎರಡು ಪಾಟಿಗಳು. ಒಂದು: “ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು.” ಇನ್ನೊಂದು: “ಒಂದೇ ಸಲ ಒತ್ತಿ. ಒಳಗಿನವರು ಕಿವುಡರಲ್ಲ.” ಒತ್ತಿದೆ. ಯಾರೂ ಬರಲಿಲ್ಲ. ಇಷ್ಟು ದೂರ ಬಂದು ಅರ್ಧ ಅಪರಾಧ ಮಾಡಿ ಹೋಗುವುದೇನೆಂದು ಇನ್ನೊಮ್ಮೆ ಒತ್ತಿದೆ. ಮೂರನೆಯ ಸಲ ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

ಬಾಗಿಲು ತೆರೆಯಿತು. ಒಂಬತ್ತು ಗಜದ ಸೀರೆಯಲ್ಲಿ ಅಲ್ಲ, ಹತ್ತಿಯ ಗೌನಿನಲ್ಲಿ, ಕೂದಲು ಕೆದರಿಕೊಂಡು, ಎತ್ತರದ ಮುದುಕಿ. “ಪಾಟೀ ವಾಚತಾ ಯೇತ ನಾಹೀ ಕಾ?” ಎಂದರು. ಬೋರ್ಡು ಓದಲು ಬರುವುದಿಲ್ಲವೇ ಎಂದು. ಗಿರಣಿಯ ಮೇಲೆ ತಾಲೀಮು ಮಾಡಿದ ದನಿ, ಅನುಮಾನವೇ ಇರಲಿಲ್ಲ. ಕ್ಷಮೆ ಕೇಳಿದೆ. “ಜೋರಾಗಿ ಹೇಳು,” ಎಂದರು. ಜೋರಾಗಿ ಕೇಳಿದೆ. ಹಳೆಯ ಓಣಿಗಳನ್ನು ನೋಡುತ್ತ ಬಂದವಳು ಎಂದೆ. ಅವರು ಮರಾಠಿಯಲ್ಲಿ ಆಡಿದ್ದೆಲ್ಲ ನನ್ನ ಕಿವಿಯಲ್ಲಿ ಧಾರವಾಡದ ಕನ್ನಡವಾಗಿಯೇ ಉಳಿದಿದೆ. ಹಾಗೆಯೇ ಬರೆಯುತ್ತೇನೆ.

“ನೋಡಿದೆಲ್ಲ ಮನೀ? ಬೀಳೋ ಮೊದಲ ನೋಡಿದಿ, ಪುಣ್ಯಾ ಬಂತು. ನಡಿ ಇನ್ನ.”

ನಾನು ಹೊರಡಬೇಕಿತ್ತು. ಆದರೆ ನನ್ನ ಕಣ್ಣು ಆಗಲೇ ಒಳಗೆ ಹೋಗಿತ್ತು. ಅರ್ಧ ಮನೆಯನ್ನು ರಟ್ಟಿನ ಖೋಕಾಗಳಲ್ಲಿ ಕಟ್ಟಿಟ್ಟಿದ್ದರು. ಅಡಿಗೆಮನೆಯ ಕಟ್ಟೆಯ ಮೇಲೆ ಮಾತ್ರ ನಾಲ್ಕು ಸಾಮಾನು ಉಳಿದಿದ್ದವು, ಅದರಲ್ಲಿ ಒಂದು ಸ್ಟೀಲ್ ಡಬ್ಬಿ. ಡಬ್ಬಿಯ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ನಮ್ಮ ಮನೆಗಳಲ್ಲಿ ಯಾವ ಪಾತ್ರೆಯನ್ನೂ ಹೆಸರು ಕೊರೆಸದೆ ಒಳಗೆ ತರುತ್ತಿರಲಿಲ್ಲ, ನನ್ನ ಅಡಿಗೆಮನೆಯಲ್ಲೂ ಅಂಥ ಹತ್ತು ಡಬ್ಬಿಗಳಿವೆ. ಕನ್ನಡದ ಅಕ್ಷರಗಳು. ಮೌಶಿಯ ಹೆಸರು, ಅದರ ಕೆಳಗೆ ಧಾರವಾಡ.

ಮುದುಕಿ ನನ್ನ ಕಣ್ಣಿನ ದಾರಿ ಹಿಡಿದು ಹಿಂದೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಅವರ ದನಿ ಮೊದಲ ಬಾರಿಗೆ ಸಣ್ಣದಾಯಿತು. “ನಿನಗ ಅದು ಓದಲಿಕ್ಕೆ ಬರತದ?”

ಬರುತ್ತದೆ ಎಂದು ತಲೆ ಆಡಿಸಿದೆ. ಹೆಸರೆತ್ತುವುದಿಲ್ಲ ಎಂದು ಮೌಶಿಗೆ ಕೊಟ್ಟ ಮಾತು ನೆನಪಿತ್ತು. ಎತ್ತುವ ಅಗತ್ಯವೇ ಬೀಳಲಿಲ್ಲ. “ಯಾರ ಅಕಿ ನಿನಗ?” ಎಂದರು. ಮೌಶಿ ಎಂದೆ. ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು, ಒಂದು ಖೋಕಾದ ಮೇಲೆ ಕೂಡಿಸಿದರು.

“ಇದ್ದಾಳಾ?”

“ಇದ್ದಾಳ್ರಿ. ಇಲ್ಲೇ, ಕೋಥ್ರೂಡದಾಗ. ನೀವು ಸಿಟ್ಟಾಗಿದ್ದೀರಿ ಅಂತ ಬಂದಿಲ್ಲ.”

“ನಾ ಯಾಕ ಸಿಟ್ಟಾಗಲಿ?”

ಹಾಡು, ಎಂದೆ. ಬಡಿದರೂ ತೆರೆಯದ ಬಾಗಿಲು, ಎಂದೆ. ಮುದುಕಿ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

“ನಾ ಮಲಗಿದ್ದೆ,” ಎಂದರು. “ಮೊದಲನೇ ಪ್ರಯೋಗ ಮುಗಿಸಿ ಬಂದವಳು ಮಲಗೂದಿಲ್ಲೇನು? ಈ ಪೇಠದಾಗ ಮಲಗಿದವರನ್ನ ಸಿಟ್ಟಾಗ್ಯಾರ ಅಂತ ತಿಳಿಯೋದಾದ್ರ ಒಬ್ಬರಿಗೊಬ್ಬರು ಮಾತಾಡೋದ ಬ್ಯಾಡ. ಎರಡು ವರ್ಷ ಇಲ್ಲೇ ಇದ್ದಳು, ಅಷ್ಟೂ ತಿಳೀಲಿಲ್ಲ.”

ಆಮೇಲೆ ಆ ರಾತ್ರಿಯ ನಾಟಕದ ಕಥೆ ಹೇಳಿದರು. ಎದ್ದು ನಿಂತು, ಖೋಕಾಗಳ ನಡುವೆ ಜಾಗ ಮಾಡಿಕೊಂಡು ಹೇಳಿದರು. ರಂಗದ ಮೇಲೆ ಒಬ್ಬರೇ ನಿಂತಿದ್ದರು. ಹಾಡು ಬರಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಪರದೆಯ ಕಡೆ ಕಿವಿ ಇಟ್ಟುಕೊಂಡು ನಿಂತರು. ಬರುವುದಿಲ್ಲ ಎಂದು ತಿಳಿದಾಗ ಕಣ್ಣಲ್ಲಿ ನೀರೇ ಬಂತು. ಜನ ಉಸಿರು ಬಿಗಿ ಹಿಡಿದು ಕೂತಿದ್ದರು. ಅದು ನಾಟಕದ್ದೇ ಮೌನ ಎಂದುಕೊಂಡರು. ಪರದೆ ಬಿದ್ದ ಮೇಲೆ ಎಷ್ಟು ಚಪ್ಪಾಳೆ ಎಂದರೆ, ಮುಂದಿನ ಎಲ್ಲ ಪ್ರಯೋಗಗಳಲ್ಲೂ ನಿರ್ದೇಶಕರು ಆ ಹಾಡನ್ನು ತೆಗೆದೇ ಹಾಕಿದರು.

“ಅಕಿ ಹಾಡಿದ್ದರ ಎಲ್ಲಾ ಹಾಳಾಗತಿತ್ತು,” ಎಂದರು ಮುದುಕಿ. “ಅದನ್ನ ಹೇಳಬೇಕಂತ ಎದ್ದು ನೋಡತೀನಿ, ಬಾಗಲಾಗ ಡಬ್ಬಿ, ಕೆಳಗ ಕೀಲಿ. ಹುಗ್ಗಿ ಬ್ಯಾರೆ ಭಾಂಡೀಕ ತೆಗೆದು, ಡಬ್ಬಿ ತೊಳದು, ಸಕ್ಕರಿ ತುಂಬಿಕೊಂಡು ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ ಹೋಗಿತ್ತು. ಅಕಿ ಗುರುಗಳ ಕಡೆ ಹೋದರ, ಹಾಂಗ ಬಿಟ್ಟು ಹೋದವರ ಹೆಸರು ಇಲ್ಲೆ ಎತ್ತಬ್ಯಾಡ ಅಂದರು. ವಿಳಾಸ ಯಾರನ್ನ ಕೇಳಲಿ?”

ಡಬ್ಬಿಯನ್ನು ತಂದು ನನ್ನ ಮುಂದೆ ಹಿಡಿದು ಮುಚ್ಚಳ ತೆಗೆದರು. ಕಂಠದವರೆಗೆ ಸಕ್ಕರೆ ಇತ್ತು. ಮನೆಯ ದಿನದ ಸಕ್ಕರೆಯೆಲ್ಲ ಅದರಲ್ಲೇ ಇರುತ್ತದೆ, ತಳ ಕಾಣುವ ಮೊದಲು ತುಂಬಿಬಿಡುತ್ತಾರೆ. ಸೊಸೆಗೂ ಅದನ್ನೇ ಕಲಿಸಿದ್ದಾರೆ. ಹಿಂಜವಾಡಿಯ ಆಫೀಸಿಗೆ ಓಡುವ ಗಡಿಬಿಡಿಯಲ್ಲೂ ಆ ಸೊಸೆ ಈ ಡಬ್ಬಿ ಖಾಲಿಯಾಗದ ಹಾಗೆ ನೋಡಿಕೊಳ್ಳುತ್ತಾಳಂತೆ.

“ಇನ್ನೊಬ್ಬರ ಡಬ್ಬಿ ಖಾಲಿ ಇಡಬಾರದಲ್ಲ,” ಎಂದರು, ಬಹಳ ಸಾಧಾರಣ ಮಾತಿನ ಹಾಗೆ. “ಅಕಿ ಯಾವಾಗ ಬಂದು ಕೇಳತಾಳೋ ಏನೋ.”

ಅಳು ಬಂತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಕಣ್ಣೊರೆಸಿಕೊಂಡು, ಡಬ್ಬಿ ಕೊಡಿ, ಒಯ್ದು ಕೊಡುತ್ತೇನೆ ಎಂದೆ. ಮುದುಕಿ ಮುಚ್ಚಳ ಹಾಕಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡರು. “ನಿನ್ನ ಕೈಯಾಗ ಯಾಕ ಕೊಡಲಿ? ಅಕೀನ ಬರಲಿ. ಮುಂಜಾನೆ ಬರಲಿ. ನಿನ್ಹಾಂಗ ಮಲಗೋ ಹೊತ್ತಿನ್ಯಾಗ ಬರೂದು ಬ್ಯಾಡ.”

ಮನೆಗೆ ಬಂದು ಹೇಳಿದೆ. ಬೆಲ್ ಒತ್ತಿದ್ದಕ್ಕೆ ಮೊದಲು ಬೈದಳು ಮೌಶಿ. ಮೌನಕ್ಕೆ ಚಪ್ಪಾಳೆ ಬಿದ್ದ ಭಾಗವನ್ನು ಎರಡು ಸಲ ಹೇಳಿಸಿದಳು. ಸಕ್ಕರೆಯ ಮಾತು ಬಂದಾಗ ಎದ್ದು ಒಳಗೆ ಹೋಗಿ ಬಹಳ ಹೊತ್ತು ನಲ್ಲಿಯ ನೀರು ಬಿಟ್ಟುಕೊಂಡು ನಿಂತಳು. ಮರುದಿನ ನಾನು ಏಳುವ ಹೊತ್ತಿಗೆ ಇಡೀ ಮನೆ ತುಪ್ಪ, ಏಲಕ್ಕಿ, ಬೆಲ್ಲದ ವಾಸನೆ. ಗೋದಿ ಹುಗ್ಗಿ ತಯಾರಿತ್ತು. ನನ್ನ ಅಡಿಗೆಮನೆಯ ಸ್ಟೀಲ್ ಡಬ್ಬಿಯೊಂದಕ್ಕೆ, ನನ್ನ ಹೆಸರು ಕೊರೆದದ್ದಕ್ಕೆ, ಅದನ್ನು ತುಂಬಿ ಸೀರೆ ಉಟ್ಟು ಕೂತಿದ್ದಳು. ಬೆಳಗಿನ ರೋಗಿಗಳನ್ನು ಮುಂದೂಡಿ ಕರೆದುಕೊಂಡು ಹೋದೆ. ನೋಯುವ ಮೊಣಕಾಲು ಎಲ್ಲಿ ಹೋಗಿತ್ತೋ, ಆ ಮರದ ಮೆಟ್ಟಿಲುಗಳನ್ನು ನನಗಿಂತ ಮುಂದೆ ಏರಿದಳು.

ಇಬ್ಬರೂ ತಬ್ಬಿಕೊಳ್ಳಲಿಲ್ಲ. ಅವರ ಕಾಲದಲ್ಲಿ ಆ ರೂಢಿ ಇರಲಿಲ್ಲವೇನೋ. ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು. “ಈಗ ಬೇಕಾರ ಹಾಡತೀನಿ,” ಎಂದಳು ಮೌಶಿ, ಅವಳ ಹಳೆಯ ಮರಾಠಿಯಲ್ಲಿ. ಎರಡು ಸಲ ಹೇಳಬೇಕಾಯಿತು. “ಹಾಡು,” ಎಂದರು ಮುದುಕಿ, “ಈಗ ನನಗ ಕೇಳೂದಿಲ್ಲ. ಹೊರಗಿನ ಪಾಟಿ ಹಳೇದು.” ಇಬ್ಬರೂ ನಗುತ್ತ ಒಳಗೆ ಹೋದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಇಣುಕಬಾರದ ಜಾಗಗಳೂ ಕೆಲವು ಇವೆ.

ಮಧ್ಯಾಹ್ನ ಒಂದು ಗಂಟೆ ಆಗುವ ಮೊದಲೇ ಅವರು ನಮ್ಮನ್ನು ಹೊರಗೆ ಹಾಕಿದರು, ಮಲಗಬೇಕಿತ್ತು. ರಿಕ್ಷಾದಲ್ಲಿ ಮೌಶಿ ತನ್ನ ಹಳೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಚ್ಚಳದ ಮೇಲೆ ಕೈ ಒತ್ತಿ ಹಿಡಿದಿದ್ದಳು. ಗೆಳತಿ ಮುಂದಿನ ವಾರ ಮಗ ಸೊಸೆಯ ಜೊತೆ ಹೊಸ ಫ್ಲ್ಯಾಟಿಗೆ ಹೋಗುತ್ತಾರಂತೆ, ವಾಡೆ ಆಮೇಲೆ ಬೀಳುತ್ತದಂತೆ. ನನಗೆ ಆಗ ನೆನಪಾಯಿತು, ನನ್ನ ಡಬ್ಬಿ ಅಲ್ಲೇ ಉಳಿದಿದೆ. ಹುಗ್ಗಿ ಬೇರೆ ಪಾತ್ರೆಗೆ ತೆಗೆಸಿ ತರಬಾರದಿತ್ತೇ, ಮೌಶಿ, ಎಂದೆ. ಅವರು ಮನೆ ಬದಲಿಸುವ ಗಡಿಬಿಡಿಯಲ್ಲಿ ಅದು ಎಲ್ಲಿ ಹೋಗುತ್ತದೋ.

“ಎಲ್ಲೂ ಹೋಗೂದಿಲ್ಲ,” ಎಂದಳು ಮೌಶಿ. “ನಮ್ಮ ವಿಳಾಸ ಕೊಟ್ಟ ಬಂದೀನಿ. ಈಗ ಅಕಿ ಬರಬೇಕು.”